ಆಕಾಶದ ಮೇಲೆ ಬಿದ್ದ ನೆರಳು: ಒಂದು ಹಳೇ ಟಿವಿ ಗೇಮ್ ರಿಪೇರಿ, ಮಾರಿಯೋ 3ರ ಪರದೆ

ಸೂಪರ್ ಮಾರಿಯೋ ಬ್ರದರ್ಸ್ 3 ಎಂಬ ಹಳೇ ಟಿವಿ ಗೇಮಿನ ಮೊದಲ ಲೆವೆಲ್ ಶುರು ಮಾಡಿ. ಓಡಬೇಡಿ. ಸುಮ್ನೆ ನಿಂತು ಆಟದ ಹಿನ್ನೆಲೆ ನೋಡಿ. ದೊಡ್ಡ ದೊಡ್ಡ ಬಣ್ಣದ ಚೌಕಗಳು ನಿಂತಿವೆ. ಪ್ರತಿ ಚೌಕದ ನಾಲ್ಕು ಮೂಲೆಯಲ್ಲೂ ಒಂದೊಂದು ಸ್ಕ್ರೂ. ಬಲಗಡೆ ಕಪ್ಪು ನೆರಳು. ಆ ನೆರಳು ಬಿದ್ದಿರುವುದು ನೆಲದ ಮೇಲಲ್ಲ, ಆಕಾಶದ ಮೇಲೆ.

ನಿಜವಾದ ಆಕಾಶದ ಮೇಲೆ ಚೌಕದ ನೆರಳು ಬೀಳುತ್ತದಾ? ನೆರಳು ಬೀಳಬೇಕಾದರೆ ಅದರ ಹಿಂದೆ ಗೋಡೆ ಇರಬೇಕು, ಹಲಗೆ ಇರಬೇಕು, ಇಲ್ಲಾ ಬಟ್ಟೆ ಇರಬೇಕು. ಅಂದರೆ ಆಟದ ನಾಯಕ ಮಾರಿಯೋ ಓಡುವುದು ಬಯಲಿನಲ್ಲಿ ಅಲ್ಲ, ನಾಟಕದ ಸ್ಟೇಜ್ ಮೇಲೆ. ಹಿಂದಿರುವುದು ಬಣ್ಣ ಬಳಿದ ಪರದೆ.

ಈ ಮಾತು ಹೊಸದಲ್ಲ. ಆಟ ಜಪಾನಿನಲ್ಲಿ ಬಂದದ್ದು 1988ರಲ್ಲಿ. ಆಡಿದವರು ಬಹಳ ವರ್ಷ ಇದನ್ನು ಊಹಿಸುತ್ತಲೇ ಇದ್ದರು. 2015ರಲ್ಲಿ ಆಟ ತಯಾರಿಸಿದ ನಿಂಟೆಂಡೊ ಕಂಪನಿ ಹಾಕಿದ ಒಂದು ಚಿಕ್ಕ ವಿಡಿಯೋದಲ್ಲಿ ಮಾರಿಯೋನನ್ನು ಸೃಷ್ಟಿಸಿದ ಶಿಗೆರು ಮಿಯಮೊಟೊ ಅವರಿಗೆ ನೇರವಾಗಿ ಕೇಳಿದರು: ಮಾರಿಯೋ 3 ಪೂರ್ತಿ ಒಂದು ನಾಟಕವಾ? ಅವರು ಹೌದು ಎಂದು ತಲೆಯಾಡಿಸಿದರು. ಅಲ್ಲಿಗೆ ಊಹೆ ಮುಗಿಯಿತು.

ನನಗೆ ಅಷ್ಟು ಸಾಕಾಗಲಿಲ್ಲ. ನಾನು ಗುಬ್ಬಿ ಕಡೆಯವನು, ಈಗ ಇರುವುದು ತುಮಕೂರಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಊರ ಹಬ್ಬ ಬಂತೆಂದರೆ ಪೌರಾಣಿಕ ನಾಟಕ ಇದ್ದೇ ಇರುತ್ತದೆ. ಪರದೆ, ಸ್ಟೇಜಿನ ಪಕ್ಕದ ಸೈಡ್ ವಿಂಗ್, ಮೇಲೆ ಅಡ್ಡಕ್ಕೆ ಕಟ್ಟುವ ಝಾಲರ್ ಅಂದರೆ ಏನು ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆಟದ ಹಿನ್ನೆಲೆ ನಿಜಕ್ಕೂ ಪರದೆಯೇ ಆಗಿದ್ದರೆ, ಅದನ್ನು ಪರದೆ ಕಟ್ಟಿದವರ ಕಣ್ಣಿನಿಂದ ನೋಡಬೇಕು. ಕೈಯಿಂದ ಕಟ್ಟಿಯೂ ನೋಡಬೇಕು. ಅದಕ್ಕೇ ಈ ಕೆಲಸ: ಅಟ್ಟದ ಮೇಲಿದ್ದ ಟಿವಿ ಗೇಮ್ ರಿಪೇರಿ ಮಾಡುವುದು, ಚಿತ್ರ ಶುದ್ಧ ಮಾಡುವುದು, ಕ್ಯಾಸೆಟ್ ಒಳಗಿನ ಚಿತ್ರದ ತುಂಡುಗಳನ್ನು ತೆಗೆದು ನೋಡುವುದು, ಕೊನೆಗೆ ಅದೇ ಸೀನನ್ನು ಮರ ಮತ್ತು ಬಟ್ಟೆಯಲ್ಲಿ ಕಟ್ಟುವುದು.

ಸೆಟ್ಟು

90ರ ದಶಕದ ಸೆಟ್. ಜಪಾನಿನಲ್ಲಿ 1983ರಲ್ಲಿ ಬಂದ ಫ್ಯಾಮಿಕಾಮ್ ಯಂತ್ರದ ನಕಲು. 60 ಪಿನ್ನಿನ ಕ್ಯಾಸೆಟ್ ಹಾಕುವಂಥದ್ದು. ಬಿಚ್ಚಿದಾಗ ಖುಷಿಯಾಯಿತು. ಒಳಗೆ ಯುಎಂಸಿ ಕಂಪನಿಯ ಎರಡು 40 ಕಾಲಿನ ಚಿಪ್ ಇದ್ದವು. ಒಂದು ಯುಎ6527ಪಿ, ಆಟದ ಲೆಕ್ಕವೆಲ್ಲ ಅದರದ್ದು. ಇನ್ನೊಂದು ಯುಎ6538, ಚಿತ್ರ ಬರೆಯುವುದು ಅದು. ಇದನ್ನು ಪಿಪಿಯು ಅನ್ನುತ್ತಾರೆ. ಆಮೇಲೆ ಬಂದ ಅಗ್ಗದ ಸೆಟ್‌ಗಳಲ್ಲಿ ಎಲ್ಲವನ್ನೂ ಒಂದೇ ಕಪ್ಪು ಗುಳ್ಳೆಯ ಕೆಳಗೆ ಮುಚ್ಚಿಬಿಟ್ಟಿರುತ್ತಾರೆ. ಅಲ್ಲಿ ಕೈ ಹಾಕಲು ಜಾಗವೇ ಇರುವುದಿಲ್ಲ.

ಆನ್ ಮಾಡಿದರೆ ಕೆಂಪು ದೀಪ ಮಿಣುಕುತ್ತಿತ್ತು, ಟಿವಿಯಲ್ಲಿ ಗುಂಯ್ ಅನ್ನುವ ಸದ್ದು, ಚಿತ್ರ ಇಲ್ಲ. ಮೊದಲು ನೋಡಬೇಕಾದದ್ದು ಅಡಾಪ್ಟರ್. 9 ವೋಲ್ಟ್ ಎಂದು ಬರೆದ ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಲೋಡ್ ಇಲ್ಲದಾಗ 12, 13 ವೋಲ್ಟ್ ತೋರಿಸುತ್ತದೆ. ಅದು ಸಹಜ, ಹೆದರಬೇಕಾಗಿಲ್ಲ. ಪ್ಲಸ್ಸು ಮೈನಸ್ಸು ಮಾತ್ರ ಮೀಟರ್ ಹಿಡಿದು ನೋಡಲೇಬೇಕು. ಮೂಲ ಫ್ಯಾಮಿಕಾಮ್‌ನಲ್ಲಿ ಪಿನ್ನಿನ ಒಳಗಡೆ ಮೈನಸ್, ಹೊರಗಡೆ ಪ್ಲಸ್. ನಕಲು ಸೆಟ್‌ಗಳಲ್ಲಿ ಯಾವುದಕ್ಕೆ ಯಾವುದು ಎಂದು ಹೇಳಲಾಗದು. ಉಲ್ಟಾ ಕೊಟ್ಟರೆ ಸೆಟ್ ಸುಟ್ಟುಹೋಗಬಹುದು.

ಇಲ್ಲಿ 7805 ರೆಗ್ಯುಲೇಟರ್‌ನಿಂದ ಹೊರಗೆ ಬರುತ್ತಿದ್ದದ್ದು 5 ವೋಲ್ಟ್ ಅಲ್ಲ, ಏರಿಳಿಯುವ 4 ಚಿಲ್ಲರೆ. ಅದರ ಮುಂದಿನ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ತಲೆ ಉಬ್ಬಿಕೊಂಡಿತ್ತು. ಅದನ್ನು ಕಿತ್ತು 25 ವೋಲ್ಟ್‌ನ ಹೊಸದು ಹಾಕಿದೆ. ಪವರ್ ಜ್ಯಾಕ್‌ನ ಕಾಲಿನ ಸುತ್ತ ಸೋಲ್ಡರ್ ಉಂಗುರದ ಹಾಗೆ ಬಿರುಕು ಬಿಟ್ಟಿತ್ತು. ಅದನ್ನೂ ಕರಗಿಸಿ ಹೊಸದಾಗಿ ಹಿಡಿಸಿದೆ. ಈಗ 5 ವೋಲ್ಟ್ ಅಲುಗಾಡದೆ ನಿಂತಿತು. ಕ್ಯಾಸೆಟ್ ಸ್ಲಾಟಿನ ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ, ಕ್ಯಾಸೆಟ್ ಬೋರ್ಡಿನ ತುದಿಯನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿದೆ. ನಾವು ಚಿಕ್ಕವರಾಗಿದ್ದಾಗ ಕ್ಯಾಸೆಟ್ ಬಾಯಿಗೆ ಊದುತ್ತಿದ್ದೆವಲ್ಲ, ಅದನ್ನು ಮಾಡಬೇಡಿ. ಉಸಿರಿನ ತೇವಕ್ಕೆ ಪಿನ್ನು ಕಿಲುಬು ಹಿಡಿಯುತ್ತದೆ.

ಚಿತ್ರ ಬಂತು. ಆದರೆ ಸ್ಕ್ರೂ ಕಾಣಲಿಲ್ಲ.

ಸ್ಕ್ರೂ ಕಾಣಬೇಕು

ಇಂಥ ಸೆಟ್ ಟಿವಿಗೆ ಚಿತ್ರ ಕಳಿಸುವುದು ಆಂಟೆನಾ ದಾರಿಯಲ್ಲಿ. ಒಳಗೆ ತಗಡಿನ ಒಂದು ಪುಟ್ಟ ಡಬ್ಬಿ ಇರುತ್ತದೆ, ಆರ್‌ಎಫ್ ಮಾಡ್ಯುಲೇಟರ್. ಅದು ಶುದ್ಧವಾದ ಚಿತ್ರವನ್ನು ದೂರದರ್ಶನದ ಸಿಗ್ನಲ್ ಥರ ಮಾಡಿ ಕಳಿಸುತ್ತದೆ. ಟಿವಿ ಅದನ್ನು ಮತ್ತೆ ಬಿಚ್ಚಿಕೊಳ್ಳುತ್ತದೆ. ಈ ಕಟ್ಟಿ ಬಿಚ್ಚುವ ಕೆಲಸದಲ್ಲಿ ಸಣ್ಣ ಗೆರೆಗಳೆಲ್ಲ ಕಲಸಿಹೋಗುತ್ತವೆ. ಚೌಕದ ಮೂಲೆಯ ಸ್ಕ್ರೂ ಅಂದರೆ ಬೆರಳೆಣಿಕೆಯ ಪಿಕ್ಸೆಲ್. ಹಳೇ ಟಿವಿಯಲ್ಲಿ ಅದು ಮಸುಕು ಚುಕ್ಕಿ, ಅಷ್ಟೇ. ನಮ್ಮ ತಲೆಮಾರಿನವರು ಈ ಆಟವನ್ನು ಎಷ್ಟೋ ಸಲ ಆಡಿದ್ದರೂ ಸ್ಕ್ರೂ ನೋಡಲಿಲ್ಲ ಅಂದರೆ ಅದಕ್ಕೆ ಕಾರಣ ಈ ತಗಡಿನ ಡಬ್ಬಿ.

ಹಾಗಾಗಿ ಎವಿ ಔಟ್, ಅಂದರೆ ಚಿತ್ರವನ್ನು ಆ ಡಬ್ಬಿ ದಾಟಿಸದೆ ನೇರ ಟಿವಿಗೆ ಕೊಡುವ ದಾರಿ, ಹಾಕುವುದು ಅನಿವಾರ್ಯವಾಯಿತು. ಪಿಪಿಯು ಚಿಪ್ಪಿನ 21ನೇ ಕಾಲಿನಿಂದ ಚಿತ್ರ ಹೊರಗೆ ಬರುತ್ತದೆ. ಅದನ್ನು ನೇರವಾಗಿ ಟಿವಿಗೆ ಕೊಟ್ಟರೆ ಟಿವಿಯ 75 ಓಂ ಹೊರೆಯನ್ನು ಚಿಪ್ ತಡೆಯುವುದಿಲ್ಲ. ನಡುವೆ ಒಂದು ಟ್ರಾನ್ಸಿಸ್ಟರ್ ಬೇಕು. ನಾನು ಹಾಕಿದ್ದು 2ಎಸ್‌ಎ1015, ಪಿಎನ್‌ಪಿ. ಬೇಸ್ 21ನೇ ಕಾಲಿಗೆ, ಕಲೆಕ್ಟರ್ ಗ್ರೌಂಡಿಗೆ. ಎಮಿಟರ್‌ಗೂ 5 ವೋಲ್ಟಿಗೂ ನಡುವೆ 300 ಓಂ. ಅದೇ ಎಮಿಟರ್‌ನಿಂದ 75 ಓಂ, ಆಮೇಲೆ 220 ಮೈಕ್ರೋಫ್ಯಾರಡ್ ಕೆಪಾಸಿಟರ್, ಅಲ್ಲಿಂದ ಹಳದಿ ಜ್ಯಾಕ್. ಧ್ವನಿಯನ್ನು ಆರ್‌ಎಫ್ ಡಬ್ಬಿಗೆ ಹೋಗುವ ತಂತಿಯಲ್ಲೇ ಹಿಡಿದೆ. ಬಿಡಿಭಾಗ ಎಲ್ಲ ತುಮಕೂರಿನಲ್ಲೇ ಸಿಕ್ಕವು. ಟ್ರಾನ್ಸಿಸ್ಟರ್ ಮಾತ್ರ ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ಬಿಡಬೇಡಿ. 21ನೇ ಕಾಲನ್ನು ಬೋರ್ಡಿನಲ್ಲೇ ಬಿಟ್ಟು ತಂತಿ ಎಳೆದರೆ ಚಿತ್ರದ ಮೇಲೆ ಉದ್ದುದ್ದ ತೆಳು ಪಟ್ಟಿಗಳು ನಿಲ್ಲುತ್ತವೆ, ಜೈಲಿನ ಕಂಬಿ ಥರ. ಬೋರ್ಡಿನ ತಾಮ್ರದ ಗೆರೆ ಪಕ್ಕದ ಸಿಗ್ನಲ್‌ಗಳ ಗಲಾಟೆಯನ್ನು ಹೀರಿಕೊಳ್ಳುವುದರಿಂದ ಹೀಗಾಗುತ್ತದೆ. ಆಟ ಆಡುವವರಿಗೆ ಇದು ದೊಡ್ಡ ವಿಷಯವಲ್ಲ. ಆದರೆ ನನಗೆ ಬೇಕಿದ್ದದ್ದೇ ಆಕಾಶದ ಮೇಲಿನ ನೆರಳು. ಅಲ್ಲೇ ಪಟ್ಟಿ ಬಿದ್ದರೆ ಏನು ಪ್ರಯೋಜನ? ಹಾಗಾಗಿ ಆ ಕಾಲಿನ ಸೋಲ್ಡರ್ ಹೀರಿ, ಕಾಲನ್ನು ನಿಧಾನವಾಗಿ ಬೋರ್ಡಿನಿಂದ ಮೇಲೆತ್ತಿ, ಗಾಳಿಯಲ್ಲೇ ತಂತಿ ಹಿಡಿಸಿದೆ. ಹಳೇ ಚಿಪ್ಪಿನ ಕಾಲು ಒಂದು ಸಲ ಬಾಗಿದರೆ ಬಾಗುತ್ತದೆ, ಎರಡನೇ ಸಲಕ್ಕೆ ಮುರಿಯುತ್ತದೆ. ಮೊದಲೇ ಯೋಚಿಸಿ ಒಂದೇ ಸಲ ಎತ್ತಬೇಕು.

ಈಗ ನೋಡಿದರೆ ಸ್ಕ್ರೂಗಳು! ಪ್ರತಿ ಮೂಲೆಯಲ್ಲೂ ಸ್ಪಷ್ಟವಾಗಿ. ನೆರಳಿನ ಅಂಚು ಬ್ಲೇಡಿನಲ್ಲಿ ಕೊಯ್ದಷ್ಟು ನೇರ.

ಶುದ್ಧ ಚಿತ್ರ ಬಂದಾಗ ಇನ್ನೊಂದು ವಿಷಯವೂ ಕಾಣಿಸಿತು. ಓಡುವಾಗ ಬಲ ಅಂಚಿನಲ್ಲಿ ಬಣ್ಣಗಳು ತಪ್ಪಾಗಿ ಹೊಳೆಯುತ್ತವೆ, ಎಡ ಅಂಚಿನಲ್ಲಿ 8 ಪಿಕ್ಸೆಲ್ ಅಗಲದ ಖಾಲಿ ಪಟ್ಟಿ ಇದೆ. ಇದು ರಿಪೇರಿಯ ದೋಷವಲ್ಲ. ಯಂತ್ರದಲ್ಲಿ ಬಣ್ಣ ಹಚ್ಚುವುದು 16 ಪಿಕ್ಸೆಲ್ ಚೌಕಕ್ಕೆ ಒಂದೇ ಲೆಕ್ಕದಲ್ಲಿ. ಮಾರಿಯೋ 3 ಅಡ್ಡವೂ ಓಡುತ್ತದೆ, ಮೇಲೂ ಹೋಗುತ್ತದೆ. ಯಂತ್ರದ 2 ಕಿಲೋಬೈಟ್ ಚಿತ್ರ ಮೆಮೊರಿಯಲ್ಲಿ ಎರಡು ಸ್ಕ್ರೀನ್ ಒಂದರ ಮೇಲೊಂದು ಜೋಡಿಸಿರುವುದರಿಂದ, ಅಡ್ಡಕ್ಕೆ ಹೊಸ ಚಿತ್ರ ಬರೆಯಲು ಮರೆಯ ಜಾಗವೇ ಇಲ್ಲ. ಎಡದಲ್ಲಿ ಅಳಿಯುತ್ತಿರುವ ಕಾಲಂನಲ್ಲೇ ಬಲದ್ದನ್ನು ಬರೆಯಬೇಕು. ಹಳೇ ಟಿವಿಯ ಗಾಜಿನ ಚೌಕಟ್ಟು ಈ ಅಂಚನ್ನು ಮುಚ್ಚುತ್ತಿತ್ತು. ನಾಟಕದಲ್ಲಿ ಸೈಡ್ ವಿಂಗ್ ಮಾಡುವ ಕೆಲಸವೂ ಇದೇ ಅಲ್ವಾ? ಪರದೆ ಎಳೆಯುವವರ ಕೈ ಜನಕ್ಕೆ ಕಾಣಬಾರದು.

ಕ್ಯಾಸೆಟ್ ಒಳಗೆ

ಸ್ಕ್ರೀನ್ ಮೇಲೆ ಕಂಡದ್ದು ಸಾಕು ಅನ್ನಬಹುದಿತ್ತು. ಆದರೆ ನನಗೆ ಒಂದು ಪ್ರಶ್ನೆ ಕೊರೆಯುತ್ತಿತ್ತು: ಈ ನೆರಳನ್ನು ಯಂತ್ರ ತಾನೇ ಹಾಕುತ್ತದಾ, ಯಾರಾದರೂ ಕೂತು ಬರೆದಿದ್ದಾರಾ?

ಕೆಟ್ಟುಹೋದ ಇನ್ನೊಂದು ಸೆಟ್ಟಿನಿಂದ 60 ಪಿನ್ನಿನ ಸ್ಲಾಟ್ ಕಿತ್ತು, ಆರ್ಡುಯಿನೊ ಮೆಗಾ ಎಂಬ, ನಾವೇ ಪ್ರೋಗ್ರಾಂ ಬರೆಯಬಹುದಾದ ಪುಟ್ಟ ಬೋರ್ಡಿಗೆ ತಂತಿ ಎಳೆದೆ. ಅದರ ಚಿಕ್ಕ ತಮ್ಮ ಉನೊ ಸಾಲುವುದಿಲ್ಲ. ಆಟದ ಭಾಗಕ್ಕೆ ವಿಳಾಸದ ತಂತಿ 15, ಡೇಟಾ 8. ಚಿತ್ರದ ಭಾಗಕ್ಕೆ ವಿಳಾಸ 14, ಡೇಟಾ 8. ಜೊತೆಗೆ ಓದು-ಬರೆಯುವ ಕಂಟ್ರೋಲ್ ತಂತಿಗಳು. ಎಲ್ಲ ಸೇರಿ 50ರ ಮೇಲೆ. ಮೆಗಾದಲ್ಲಿ 54 ಡಿಜಿಟಲ್ ಪಿನ್ ಇರುವುದರಿಂದ ಕೂಡುತ್ತದೆ, ಮೇಲೆ ಬೇಕಾದರೆ ಅನಲಾಗ್ ಪಿನ್ನುಗಳೂ ಇವೆ. ಎರಡೂ ಕಡೆ 5 ವೋಲ್ಟ್, ನಡುವೆ ಬೇರೇನೂ ಬೇಡ. ಒಂದೊಂದು ತಂತಿಗೂ ನಂಬರ್ ಚೀಟಿ ಅಂಟಿಸಿಕೊಂಡೇ ಹಿಡಿಸಿದೆ.

ಮಾರಿಯೋ 3 ಒಟ್ಟು 384 ಕಿಲೋಬೈಟ್. ಅದರಲ್ಲಿ 256 ಆಟದ ಪ್ರೋಗ್ರಾಂ, 128 ಚಿತ್ರ. ಆದರೆ ಪಿಪಿಯು ಒಂದು ಸಲಕ್ಕೆ ನೋಡಬಲ್ಲದ್ದು 8 ಕಿಲೋಬೈಟ್ ಚಿತ್ರ ಮಾತ್ರ. ಉಳಿದದ್ದನ್ನು ಅದಲು ಬದಲು ಮಾಡುವುದಕ್ಕೆ ಕ್ಯಾಸೆಟ್‌ನಲ್ಲೇ ಎಂಎಂಸಿ3 ಅನ್ನುವ ಚಿಪ್ ಇರುತ್ತದೆ. ನನ್ನ ಕ್ಯಾಸೆಟ್‌ನಲ್ಲಿ ಅದರ ನಕಲು. ಹದಿನಾರರ ಲೆಕ್ಕದ 8000 ವಿಳಾಸಕ್ಕೆ 2 ಎಂದು ಬರೆದು, 8001ಕ್ಕೆ ತುಂಡಿನ ನಂಬರ್ ಬರೆದರೆ, ಚಿತ್ರದ ಕಡೆಯ 1000 ವಿಳಾಸದಲ್ಲಿ ಆ 1 ಕಿಲೋಬೈಟ್ ತುಂಡು ಬಂದು ಕೂರುತ್ತದೆ. ಓದಿಕೊಳ್ಳುವುದು, ಮುಂದಿನ ನಂಬರ್ ಬರೆಯುವುದು. ಹೀಗೆ 128 ತುಂಡು. ಮತ್ತೆ ಮೊದಲಿಂದ ಓದಿಸಿ ಎರಡೂ ಫೈಲು ಹೋಲಿಸಿದೆ. ಒಂದು ಬೈಟ್ ಕೂಡ ವ್ಯತ್ಯಾಸ ಇಲ್ಲದಿದ್ದರೆ ತಂತಿ ಸರಿ ಇದೆ ಎಂದರ್ಥ.

ಚಿತ್ರದ ಒಂದು ತುಂಡು, ಅಂದರೆ ಟೈಲ್, 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರ. ಅದಕ್ಕೆ 16 ಬೈಟ್. ಮೊದಲ ಸಾಲು ಬೇಕಾದರೆ ಮೊದಲನೇ ಬೈಟು ಮತ್ತು ಒಂಬತ್ತನೇ ಬೈಟು ತೆಗೆದುಕೊಂಡು ಒಂದರ ಮೇಲೊಂದು ಇಡಬೇಕು. ಎರಡರಲ್ಲೂ ಸೊನ್ನೆ ಇದ್ದ ಕಡೆ ಹಿನ್ನೆಲೆಯ ಬಣ್ಣ. ಮೇಲೆ ಮಾತ್ರ ಒಂದಿದ್ದರೆ ಒಂದು ಬಣ್ಣ, ಕೆಳಗೆ ಮಾತ್ರ ಇದ್ದರೆ ಇನ್ನೊಂದು, ಎರಡರಲ್ಲೂ ಇದ್ದರೆ ಮೂರನೆಯದು. ಅಷ್ಟೇ ಬಣ್ಣ. ಪೈಥಾನ್‌ನಲ್ಲಿ ಕೆಲವೇ ಸಾಲಿನ ಪ್ರೋಗ್ರಾಂ ಬರೆದು ಎಲ್ಲ 8192 ಟೈಲ್‌ಗಳನ್ನೂ ಒಂದು ದೊಡ್ಡ ಹಾಳೆಯ ಮೇಲೆ ಹರಡಿದೆ.

ಅಲ್ಲಿ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಪಿಪಿಯುಗೆ ನೆರಳು ಅಂದರೆ ಏನೆಂದೇ ಗೊತ್ತಿಲ್ಲ. ಬೆಳಕು ಗೊತ್ತಿಲ್ಲ, ದೂರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಟೈಲ್‌ಗಳನ್ನು ಅಡ್ಡ 32, ಉದ್ದ 30 ಜೋಡಿಸುವುದು ಮಾತ್ರ. ಹಿನ್ನೆಲೆಗೆ ಒಂದು ಸಲಕ್ಕೆ ಸಿಗುವುದು 256 ಟೈಲ್. ಅಷ್ಟರಲ್ಲೇ ನೆಲ, ಪೊದೆ, ಪೈಪು, ಇಟ್ಟಿಗೆ, ಪ್ರಶ್ನೆ ಗುರುತಿನ ಡಬ್ಬಿ ಎಲ್ಲ ಹಿಡಿಸಬೇಕು. ಅಂಥ ಬಿಗಿಯಲ್ಲೂ ಆಕಾಶದ ಮೇಲಿನ ನೆರಳಿಗೆ ಜಾಗ ಕೊಟ್ಟಿದ್ದಾರೆ. ಸ್ಕ್ರೂಗೂ ಕೊಟ್ಟಿದ್ದಾರೆ. ನೆರಳಿಲ್ಲದಿದ್ದರೆ ಆಟ ಆಡುವುದಕ್ಕೆ ಏನೂ ಕಡಿಮೆಯಾಗುತ್ತಿರಲಿಲ್ಲ. ಆದರೂ ಹಾಕಿದ್ದಾರೆ ಅಂದರೆ ಅದು ಹೇಳಬೇಕಾದ ಮಾತು. ನನ್ನ ಮಟ್ಟಿಗೆ ಮಿಯಮೊಟೊ ತಲೆಯಾಡಿಸಿದ್ದಕ್ಕಿಂತ ಇದು ದೊಡ್ಡ ಸಾಕ್ಷಿ.

ಪರದೆಯ ಹಿಂದೆ ಹೋಗುವುದು

ಈ ಆಟದಲ್ಲಿ ಪರದೆಯ ಹಿಂದೆ ನಿಜವಾಗಿಯೂ ಹೋಗಬಹುದು. 1-3ನೇ ಲೆವೆಲ್‌ನಲ್ಲಿ ಒಂದು ಬಿಳಿ ಚೌಕ ಇದೆ. ಅದರ ಮೇಲೆ ನಿಂತು ಕೆಳಗಿನ ಬಟನ್ ಒತ್ತಿ ಕೆಲವು ಸೆಕೆಂಡ್ ಕೂತಿದ್ದರೆ ಮಾರಿಯೋ ಚೌಕದ ಹಿಂದಕ್ಕೆ ಬೀಳುತ್ತಾನೆ. ಆಮೇಲೆ ಪೊದೆಗಳ ಹಿಂದೆ, ಚೌಕಗಳ ಹಿಂದೆ ಓಡುತ್ತಾನೆ. ಲೆವೆಲ್ ಮುಗಿಯುವ ಜಾಗವನ್ನೂ ದಾಟಿ ಹೋದರೆ ಟೋಡ್ ಎಂಬ ಅಣಬೆ ತಲೆಯ ಪುಟ್ಟ ಪಾತ್ರ ಒಬ್ಬ ಕೂತಿರುತ್ತಾನೆ, ಮುಂದಿನ ಲೋಕಗಳಿಗೆ ಹಾರಿಸುವ ಕೊಳಲು ಕೊಡುತ್ತಾನೆ.

ಇದು ಹೇಗೆ ನಡೆಯುತ್ತದೆ ಎಂದು ಮೆಸೆನ್ ಎಮ್ಯುಲೇಟರ್‌ನಲ್ಲಿ, ಅಂದರೆ ಈ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಪ್ರೋಗ್ರಾಂನಲ್ಲಿ, ನೋಡಿದೆ. ಅದರಲ್ಲಿ ಟೈಲ್‌ಗಳು, ಹಿನ್ನೆಲೆಯ ಜೋಡಣೆ, ಸ್ಪ್ರೈಟ್‌ಗಳು, ಅಂದರೆ ಮಾರಿಯೋನಂಥ ಓಡಾಡುವ ಚಿತ್ರಗಳ ತುಂಡುಗಳು, ಎಲ್ಲವನ್ನೂ ಬೇರೆ ಬೇರೆ ಕಿಟಕಿಯಲ್ಲಿ ನೋಡಬಹುದು. ಯಂತ್ರದಲ್ಲಿ 64 ಸ್ಪ್ರೈಟ್, ಒಂದೊಂದಕ್ಕೂ 4 ಬೈಟ್. ಮೂರನೇ ಬೈಟಿನಲ್ಲಿ ಸೊನ್ನೆಯಿಂದ ಎಣಿಸಿದರೆ 5ನೇ ಬಿಟ್ ಇದೆಯಲ್ಲ, ಅದು ಒಂದಾದರೆ ಆ ಸ್ಪ್ರೈಟ್ ಹಿನ್ನೆಲೆಯ ಹಿಂದೆ ಹೋಗುತ್ತದೆ.

ಹಿಂದೆ ಅಂದರೆ ಎಲ್ಲಿಗೆ? ಇಲ್ಲೇ ನನಗೆ ರೋಮಾಂಚನ ಆದದ್ದು. ಹಿನ್ನೆಲೆಯ ಟೈಲಿನಲ್ಲಿ ಬಣ್ಣ ಇರುವ ಪಿಕ್ಸೆಲ್ ಮಾತ್ರ ಮಾರಿಯೋನನ್ನು ಮುಚ್ಚುತ್ತದೆ. ಎರಡೂ ಬಿಟ್ ಸೊನ್ನೆ ಇರುವ ಕಡೆ, ಅಂದರೆ ಆಕಾಶದ ಕಡೆ, ಮಾರಿಯೋ ಕಾಣುತ್ತಲೇ ಇರುತ್ತಾನೆ. ಅವನು ಪೊದೆಯ ಹಿಂದೆ, ಆದರೆ ಆಕಾಶದ ಮುಂದೆ. ಚೌಕಕ್ಕೂ ಹಿಂದಿನ ಪರದೆಗೂ ನಡುವೆ ಒಬ್ಬ ನಡೆಯುವಷ್ಟು ಸಂದು ಇದೆ! ನೆರಳು ಬೀಳುವುದಕ್ಕೂ ಅದೇ ಸಂದು ಬೇಕು. ಚೌಕ ಪರದೆಗೆ ಅಂಟಿಕೊಂಡಿದ್ದರೆ ಪಕ್ಕಕ್ಕೆ ನೆರಳು ಬೀಳುತ್ತಲೇ ಇರಲಿಲ್ಲ.

ಮಾವ ನೋಡಿದ್ದು

ನಮ್ಮ ಸೋದರಮಾವ ಗುಬ್ಬಿ ಸುತ್ತಮುತ್ತಲ ಹಳ್ಳಿಗಳಲ್ಲಿ ಬಹಳ ವರ್ಷ ನಾಟಕಕ್ಕೆ ಸೀನರಿ ಕಟ್ಟಿದವರು. ವಿಡಿಯೋ ಗೇಮ್ ಆಡಿದವರಲ್ಲ. ಅವರಿಗೆ ಏನೂ ಹೇಳದೆ, ಸ್ಪ್ರೈಟ್ ಎಲ್ಲ ಮರೆ ಮಾಡಿ, ಬರೀ ಹಿನ್ನೆಲೆಯನ್ನು ಟಿವಿಯಲ್ಲಿ ತೋರಿಸಿದೆ.

"ಮಾವ, ಇದೇನು ಅನ್ಸುತ್ತೆ ನಿಮಗೆ?"

ಕನ್ನಡಕ ಸರಿ ಮಾಡಿಕೊಂಡು ಹತ್ತಿರ ಬಂದರು. "ಕಟೌಟು ಕಣೋ ಇವು. ಹಿಂದೆ ರೀಪರ್ ಕೊಟ್ಟು ಸ್ಕ್ರೂ ಹೊಡ್ದವ್ರೆ. ಪರದೆ ಒಂದೇ ಬಣ್ಣ ಬಳಿದವ್ರೆ, ಪಾಪ, ಒಂದು ಮೋಡನಾದ್ರೂ ಚೆನ್ನಾಗಿ ಬರೀಬಹುದಿತ್ತು."

"ನೆರಳು ಯಾಕೆ ಈ ಕಡೆ ಮಾವ?"

"ಲೈಟು ಆ ಕಡೆ ಕಟ್ಟವ್ರೆ, ಅದಕ್ಕೆ. ಎಡಗಡೆ ವಿಂಗಲ್ಲಿ ಮೇಲ್ಗಡೆ. ಪರದೆ ಮೇಲೆ ನೆರಳು ಬಿಡಬಾರ್ದು ಕಣೋ. ನಾವಾಗಿದ್ರೆ ಈ ಕಡೆಯಿಂದನೂ ಒಂದು ಲೈಟ್ ಕೊಟ್ಟು ನೆರಳು ಹೊಡೀತಿದ್ವಿ."

ಆಮೇಲೆ ಲೆವೆಲ್‌ನ ಕೊನೆ ತೋರಿಸಿದೆ. ಅಲ್ಲಿ ಬಣ್ಣದ ಹಿನ್ನೆಲೆ ಮುಗಿದು ಕಪ್ಪು ಶುರುವಾಗುತ್ತದೆ. ಅಣಬೆ, ಹೂವು, ನಕ್ಷತ್ರ ಬದಲಾಗುವ ಒಂದು ಚೌಕ, ಅದನ್ನು ಮುಟ್ಟಿದ ಮೇಲೆ ಮಾರಿಯೋ ಕತ್ತಲೆಯಲ್ಲಿ ಬಲಕ್ಕೆ ನಡೆದು ಹೋಗುತ್ತಾನೆ. ಮಾವ ಅದನ್ನು ನೋಡಿ, "ಪಾತ್ರ ಮುಗೀತು, ಒಳಗೆ ಹೋದ" ಅಂದರು. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಅವರು ಬೆಳೆದ ಊರು ಅಂಥದ್ದು. ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ವೀರಣ್ಣನವರ ಕಾಲಕ್ಕೆ ಅದು ನಾಡಿನಲ್ಲೆಲ್ಲ ಹೆಸರಾಯಿತು. ಆನೆ, ಕುದುರೆಗಳನ್ನು ಸ್ಟೇಜಿಗೆ ತಂದ ಕಂಪನಿ ಅದು. ತುಮಕೂರಿನಲ್ಲಿ ಇವತ್ತಿಗೂ ನಾಟಕ ನಡೆಯುವ ಕಲಾಕ್ಷೇತ್ರಕ್ಕೆ ಅವರದೇ ಹೆಸರು. ಇಲ್ಲಿನ ಜನ ಪರದೆ ಓದುವುದನ್ನು ಕಲಿತವರು. ದರ್ಬಾರ್ ಸೀನ್ ಬಿಟ್ಟರೆ ಅರಮನೆ, ಕಾಡಿನ ಸೀನ್ ಬಿಟ್ಟರೆ ವನವಾಸ, ಬೀದಿ ಸೀನ್ ಬಿಟ್ಟರೆ ಹಾಸ್ಯದವರು ಬರುತ್ತಾರೆ ಮತ್ತು ಹಿಂದೆ ದರ್ಬಾರ್ ಕಟ್ಟುತ್ತಿದ್ದಾರೆ. ಬಟ್ಟೆ ಎಂದು ಗೊತ್ತಿದ್ದೂ ಕಾಡು ಎಂದು ನಂಬುತ್ತಾರೆ. ಮಾರಿಯೋ 3 ಕೇಳುವುದೂ ಅದನ್ನೇ. ಸ್ಕ್ರೂ ತೋರಿಸುತ್ತದೆ, ನೆರಳು ತೋರಿಸುತ್ತದೆ, ಆದರೂ ನಾವು ಆ ಬೆಟ್ಟದ ಮೇಲೆ ಹಾರುತ್ತೇವೆ.

ಆಟಗಳಲ್ಲಿ ಬಚ್ಚಿಟ್ಟದ್ದು ಅಂದರೆ ಎಲ್ಲರೂ ಮೊದಲು ಹೇಳುವುದು ಅಟಾರಿಯ ಅಡ್ವೆಂಚರ್ ಆಟದ ಕಥೆ. ವಾರನ್ ರಾಬಿನೆಟ್ ಎಂಬುವರು ಅದನ್ನು ಬರೆದವರು. ಆಗ ಅಟಾರಿ ಬರೆದವರ ಹೆಸರು ಹಾಕುತ್ತಿರಲಿಲ್ಲ. ಅವರು ಒಂದು ಗುಪ್ತ ಕೋಣೆಯಲ್ಲಿ ತಮ್ಮ ಹೆಸರು ಬರೆದರು. ಹಿನ್ನೆಲೆಯ ಬಣ್ಣದಲ್ಲೇ ಕಲೆತುಹೋಗುವ ಒಂದು ಬೂದು ಚುಕ್ಕಿ ಹುಡುಕಿ ತಂದರೆ ಮಾತ್ರ ಆ ಕೋಣೆಗೆ ದಾರಿ. ಅದು ನ್ಯಾಯವಾದ ಕೆಲಸ, ನನಗೆ ಅದರ ಮೇಲೆ ಗೌರವ ಇದೆ. ನಮ್ಮ ಸೀನರಿ ಕಂಪನಿಯವರು ಝಾಲರ್ ಮೇಲೆ ತಮ್ಮ ಹೆಸರನ್ನು ದಪ್ಪ ಅಕ್ಷರದಲ್ಲೇ ಬರೆಸುತ್ತಾರೆ, ಬಚ್ಚಿಡುವ ಕಷ್ಟ ಅವರಿಗೆ ಬರಲಿಲ್ಲ. ಆದರೆ ಮಾರಿಯೋ 3ರಲ್ಲಿ ಇರುವುದು ಬೇರೆ ಜಾತಿಯದ್ದು. ಇಲ್ಲಿ ಕೋಣೆ ಇಲ್ಲ, ಬೀಗ ಇಲ್ಲ. ಎಲ್ಲವೂ ಮೊದಲ ನಿಮಿಷದಿಂದ ಕಣ್ಣೆದುರೇ ಇದೆ. ನನಗೆ ಇದೇ ಹೆಚ್ಚು ಇಷ್ಟ.

ಕಟ್ಟಿದ್ದು

ಅಳತೆ: ಆಟದ ಒಂದು ಪಿಕ್ಸೆಲ್‌ಗೆ 2 ಮಿಲಿಮೀಟರ್. ಸ್ಕ್ರೀನ್ 256 ಪಿಕ್ಸೆಲ್ ಅಗಲ, ಹಾಗಾಗಿ ಸ್ಟೇಜ್ 51.2 ಸೆಂಟಿಮೀಟರ್. 16 ಪಿಕ್ಸೆಲ್ ಅಂದರೆ 3.2 ಸೆಂಟಿಮೀಟರ್. ಎತ್ತರದಲ್ಲಿ ಸ್ಕೋರ್ ಪಟ್ಟಿ ಬಿಟ್ಟು ಒಂದಡಿಗಿಂತ ಸ್ವಲ್ಪ ಜಾಸ್ತಿ. ಪೆಟ್ಟಿಗೆ 6 ಮಿಲಿಮೀಟರ್ ಪ್ಲೈವುಡ್. ಚೌಕಗಳು 3 ಮಿಲಿಮೀಟರ್ ಸನ್‌ಬೋರ್ಡ್, ಫ್ಲೆಕ್ಸ್ ಅಂಗಡಿಯಲ್ಲಿ ಮಿಕ್ಕಿದ ತುಂಡು ಕೊಟ್ಟರು.

ಆಕಾಶಕ್ಕೆ ಫ್ಲೆಕ್ಸ್ ಪ್ರಿಂಟ್ ಹಾಕೋಣ ಎಂದಿದ್ದೆ. ಮಾವ ಒಪ್ಪಲೇ ಇಲ್ಲ. "ಫ್ಲೆಕ್ಸು ಮಿಂಚುತ್ತೆ. ಲೈಟ್ ಬಿದ್ರೆ ಆಕಾಶ ಹೋಗಿ ತಗಡಾಗುತ್ತೆ." ಕೋರಾ ಬಟ್ಟೆ ತಂದು, ಚೌಕಟ್ಟಿಗೆ ಬಿಗಿದು, ಸೀಮೆಸುಣ್ಣದ ಪುಡಿಗೆ ಅಂಟು ಕಲಸಿ ಮೊದಲ ಕೋಟ್ ಕೊಟ್ಟೆವು. ಅದು ಒಣಗಿದ ಮೇಲೆ ಬಣ್ಣದ ಪುಡಿಗೂ ಅದೇ ಅಂಟು ಕಲಸಿ ಬಳಿದೆವು. ಅಂಟು ಜಾಸ್ತಿಯಾದರೆ ಸುತ್ತುವಾಗ ಬಣ್ಣ ಬಿರುಕು ಬಿಡುತ್ತದೆ, ಕಡಿಮೆಯಾದರೆ ಕೈಗೆ ಹತ್ತುತ್ತದೆ. ಎರಡು ಬೆರಳ ನಡುವೆ ಉಜ್ಜಿ ಅವರು ಹದ ಹೇಳುತ್ತಿದ್ದರು. ಒಣಗಿದ ಮೇಲೆ ಬಟ್ಟೆ ಬೆಳಕನ್ನು ಹೀರಿಕೊಂಡು ಮೆತ್ತಗೆ ಕಂಡಿತು. ಫ್ಲೆಕ್ಸ್‌ನಲ್ಲಿ ಇದು ಖಂಡಿತ ಬರುತ್ತಿರಲಿಲ್ಲ.

ಚೌಕಗಳನ್ನು ನಿಲ್ಲಿಸುವುದು ತಲೆನೋವಾಯಿತು. ಮೂಲೆಯ ಸ್ಕ್ರೂ ನೋಡಿದರೆ ಹಿಂದೆ ಏನಕ್ಕೋ ಬಿಗಿದಿರಬೇಕು. ಆದರೆ ಪರದೆಯವರೆಗೂ ರೀಪರ್ ಕೊಟ್ಟರೆ ಮಾರಿಯೋ ಹಿಂದೆ ಓಡುವ ದಾರಿಗೆ ಅಡ್ಡ. ಮಾವ ಹೇಳಿದ ಪರಿಹಾರ ಹೀಗಿತ್ತು: ಚೌಕದ ಹಿಂದೆ ತೆಳು ರೀಪರ್‌ನ ಒಂದು ಚೌಕಟ್ಟು, ಅದಕ್ಕೆ ನಾಲ್ಕು ಮೂಲೆಯಲ್ಲಿ ಸ್ಕ್ರೂ, ಚೌಕಟ್ಟಿನ ಎರಡು ಕಾಲು ಮಾತ್ರ ಕೆಳಗೆ ಇಳಿದು ನೆಲದ ಹಲಗೆಗೆ. ಹಿಂದಕ್ಕೆ ಯಾವ ಆಧಾರವೂ ಇಲ್ಲ. ಹಳ್ಳಿಯ ಸ್ಟೇಜಿನಲ್ಲೂ ಹೀಗೇ ಮಾಡುತ್ತಾರಂತೆ, ಪಾತ್ರಧಾರಿ ಹಿಂದಿನಿಂದ ಬಂದು ಇಣುಕಬೇಕಾದ ಕಡೆ. ಆಗ ಸ್ಕ್ರೂ ಯಾಕೆ ನಾಲ್ಕೂ ಮೂಲೆಯಲ್ಲಿದೆ, ಮಧ್ಯದಲ್ಲಿ ಯಾಕಿಲ್ಲ ಎನ್ನುವುದು ನನಗೆ ಹೊಳೆಯಿತು. ಮೂಲೆಯಲ್ಲಿ ಮಾತ್ರ ಹಿಂದೆ ಮರ ಇದೆ.

ದೀಪಕ್ಕೆ ಒಂದೇ 3 ವ್ಯಾಟ್ ಎಲ್‌ಇಡಿ, ಎಡಗಡೆ ಮೇಲೆ. ಮೊದಲು ಎಲ್‌ಇಡಿ ಪಟ್ಟಿ ಹಚ್ಚಿ ನೋಡಿದೆ. ನೆರಳಿನ ಅಂಚು ಕರಗಿಹೋಯಿತು. ಒಂದೇ ಚುಕ್ಕಿಯಿಂದ ಬರುವ ಬೆಳಕಿಗೆ ಮಾತ್ರ ಅಂಚು ನೇರ ಬರುತ್ತದೆ. ಆದರೆ ಆಟದ ನೆರಳಿನ ಅಂಚು ನೇರ ಇದೆ ಎನ್ನುವುದರಿಂದ ಅಲ್ಲೂ ಒಂದೇ ದೀಪ ಎಂದು ಸಾಧಿಸಲು ಬರುವುದಿಲ್ಲ. ಅಷ್ಟು ಕಡಿಮೆ ಬಣ್ಣದಲ್ಲಿ ಮಸುಕು ಅಂಚು ಬರೆಯುವುದೇ ಕಷ್ಟ. ದಿಕ್ಕು ಮಾತ್ರ ಸಾಕ್ಷಿ: ಎಲ್ಲ ಚೌಕದ ನೆರಳೂ ಒಂದೇ ಕಡೆ.

ಸಂದಿನ ಲೆಕ್ಕ ಸುಲಭ. ದೀಪ ಪಕ್ಕದಿಂದ 45 ಡಿಗ್ರಿಯಲ್ಲಿ ಬಿದ್ದರೆ, ಚೌಕ ಪರದೆಯಿಂದ ಎಷ್ಟು ಮುಂದಿದೆಯೋ ನೆರಳು ಅಷ್ಟೇ ಪಕ್ಕಕ್ಕೆ ಸರಿಯುತ್ತದೆ. ಮರದಲ್ಲಿ ಕೆತ್ತಿದ ಮಾರಿಯೋ ಗೊಂಬೆ 1 ಸೆಂಟಿಮೀಟರ್ ದಪ್ಪ. ಸಂದು 2 ಸೆಂಟಿಮೀಟರ್ ಇಟ್ಟೆ. ಗೊಂಬೆ ಬಟ್ಟೆಗೆ ತಾಗದೆ ಹಿಂದೆ ಓಡಾಡಿತು, 2 ಸೆಂಟಿಮೀಟರ್ ನೆರಳು ಬಲಕ್ಕೆ ಬಿತ್ತು. ಪಕ್ಕದಲ್ಲಿ ಟಿವಿ ಇಟ್ಟು ಒಂದೇ ಸೀನ್ ನಿಲ್ಲಿಸಿ ನೋಡಿದಾಗ ಎರಡೂ ಒಂದೇ ಸ್ಟೇಜ್ ಅನ್ನಿಸಿತು. ಮಾವ ಬಲಗಡೆಯಿಂದ ಟಾರ್ಚ್ ಹಿಡಿದು ನೆರಳು ಅಳಿಸಿ ತೋರಿಸಿದರು. ಆ ಕ್ಷಣಕ್ಕೆ ಪರದೆ ನಿಜವಾಗಿಯೂ ಬಯಲಾಯಿತು, ಚೌಕಗಳು ದೂರದ ಗುಡ್ಡಗಳಾದವು. ಟಾರ್ಚ್ ತೆಗೆದ ಕೂಡಲೇ ಮತ್ತೆ ನಾಟಕ. ಆಟ ಬರೆದವರು ಆ ಎರಡನೇ ದೀಪವನ್ನು ಬೇಕೆಂದೇ ಹಚ್ಚಲಿಲ್ಲ.

ಮುಂದಿನ ಪರದೆಯೂ ಆಗಿದೆ. ಆಟ ಶುರುವಾಗುವಾಗ ಕೆಂಪು ಪರದೆ ಮೇಲಕ್ಕೆ ಏಳುತ್ತದೆ. ಅದಕ್ಕೆ ಕೆಂಪು ಬಟ್ಟೆಯ ಅಂಚಿಗೆ ಊದುಬತ್ತಿ ದಪ್ಪದ ಬಿದಿರು ಕಡ್ಡಿ ಹೊಲಿದು, ಎರಡೂ ತುದಿಗೆ ದಾರ, ಮೇಲೆ ಹಳೇ ಟೇಪ್ ರೆಕಾರ್ಡರ್‌ನಿಂದ ತೆಗೆದ ಎರಡು ಪುಟ್ಟ ರಾಟೆ. ಎರಡು ದಾರವನ್ನೂ ಒಂದೇ ಗಂಟಿಗೆ ಸೇರಿಸಿದರೆ ಮಾತ್ರ ಪರದೆ ಓರೆಯಾಗದೆ ಏಳುತ್ತದೆ.

ಈಗ ಬಾಕಿ ಇರುವುದು 1-3ರ ಬಿಳಿ ಚೌಕ. ಅದಕ್ಕೆ ಹಿಂದಕ್ಕೆ ತೆರೆಯುವ ಸಣ್ಣ ಬಾಗಿಲು, ಕೆಳಗೆ ಒಂದು ಸ್ಪ್ರಿಂಗ್ ಬೇಕು. ಹೊಸ ಅಡಿಹಲಗೆಗೆ ಗುರುತು ಹಾಕಿದ್ದೇನೆ. ಬಲ ತುದಿಯ ಕಪ್ಪು ಭಾಗಕ್ಕೆ ಬಣ್ಣ ಬೇಡ, ಕಪ್ಪು ಬಟ್ಟೆಯೇ ಸಾಕು ಎಂದು ಮಾವ ಹೇಳಿದ್ದಾರೆ. ಆ ಬಟ್ಟೆಯ ಹಿಂದೆ ಟೋಡ್ ಕೂರುವುದಕ್ಕೆ 4 ಸೆಂಟಿಮೀಟರ್ ಜಾಗ ಬಿಟ್ಟಿದ್ದೇವೆ.